ನಂಬರ್ ಪ್ಲೇಟ್ ಇಲ್ಲದ ಎಲೆಕ್ಟ್ರಿಕ್ ಸೈಕಲ್: ಹದಿನಾಲ್ಕು ತಿಂಗಳು ಓಡಿಸಿದ ಮೇಲೆ ನನ್ನ ರಿವ್ಯೂ

ಹೋದ ವರ್ಷ ಯುಗಾದಿ ಮುಗಿದ ವಾರ ತಗೊಂಡ ಎಲೆಕ್ಟ್ರಿಕ್ ಸೈಕಲ್ಲು, ಇವತ್ತು ಬೆಳಿಗ್ಗೆ ಡಿಸ್ಪ್ಲೇ ನೋಡಿದಾಗ 4,180 ಕಿಲೋಮೀಟರ್ ತೋರಿಸ್ತಿತ್ತು. ಇಷ್ಟು ಓಡಿಸಿದ ಮೇಲೆ ಬರೆದ್ರೆ ನಾಲ್ಕು ಜನಕ್ಕೆ ಉಪಯೋಗ ಆಗಬಹುದು ಅಂತ ಬರೀತಿದೀನಿ. ತಗೊಳ್ಳೋಕೆ ಮುಂಚೆ ನಾನೂ ತುಂಬಾ ರಿವ್ಯೂ ಓದಿದ್ದೆ, ವಿಡಿಯೋ ನೋಡಿದ್ದೆ, ಎಲ್ಲಾ ಒಂದು ವಾರ ಓಡಿಸಿ ಹೇಳಿದ್ದು, ಬಣ್ಣ ಚೆನ್ನಾಗಿದೆ, ಪಿಕಪ್ ಚೆನ್ನಾಗಿದೆ, ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸ್ ಬೇಡ, ಅಷ್ಟೇ. ಎರಡು ವಿಷಯ ಮಾತ್ರ ಯಾರೂ ಹೇಳಿರ್ಲಿಲ್ಲ, ಒಂದು ಹಿಂದಿನ ಚಕ್ರ ಪಂಕ್ಚರ್ ಆದ್ರೆ ಏನ್ ಗತಿ, ಇನ್ನೊಂದು ಯಾರಿಗಾದ್ರೂ ಗುದ್ದಿಬಿಟ್ರೆ ಏನ್ ಗತಿ. ನನಗೆ ಎರಡೂ ಆಗಿದೆ. ಸೈಕಲ್ಲವರಿಗೂ ಲೈಸೆನ್ಸು, ನಂಬರ್ ಪ್ಲೇಟು ಬೇಕು ಅಂತ ಕೆಲವರು ಕೇಳ್ತಿರ್ತಾರೆ, ಅದರ ಬಗ್ಗೆಯೂ ಮುಂದೆ ಹೇಳ್ತೀನಿ.

ಕಂಪನಿ ಹೆಸರು, ಅಂಗಡಿ ಹೆಸರು ಹಾಕ್ತಿಲ್ಲ. ಇಲ್ಲಿ ಬರೆದಿರೋದ್ರಲ್ಲಿ ಮುಕ್ಕಾಲು ಪಾಲು ನೀವು ಯಾವ ಬ್ರ್ಯಾಂಡ್ ತಗೊಂಡ್ರೂ ಅನ್ವಯಿಸುತ್ತೆ, ಮೋಟಾರು, ಅದಕ್ಕೆ ಹೋಗೋ ಕರೆಂಟನ್ನ ಹತೋಟೀಲಿಡೋ ಕಂಟ್ರೋಲರು ಎಲ್ಲಾ ಹೆಚ್ಚುಕಮ್ಮಿ ಒಂದೇ ಥರದ್ದು. ನನ್ನ ರೂಟ್ ಹೇಳ್ತೀನಿ, ಆಗ ನಿಮಗೆ ಅಂದಾಜಾಗತ್ತೆ. ಊರು ಬೆಂಗಳೂರು, ಮನೆ ಕತ್ರಿಗುಪ್ಪೆ, ಕೆಲಸ ಲಾಲ್‌ಬಾಗ್ ವೆಸ್ಟ್ ಗೇಟ್ ದಾಟಿ ಸ್ವಲ್ಪ ಮುಂದೆ, ಹನುಮಂತನಗರ ಗಾಂಧಿಬಜಾರ್ ಮೇಲೆ ಹೋದ್ರೆ ಒಂದು ಕಡೆಗೆ ಏಳು ಕಿಲೋಮೀಟರ್. ಸ್ಕೂಟರಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೊರಟ್ರೆ 30-35 ನಿಮಿಷ, ಈ ಸೈಕಲ್ಲಲ್ಲಿ 28 ನಿಮಿಷ, ಒಳಗಿನ ಕ್ರಾಸ್ ರಸ್ತೆಗಳಲ್ಲಿ ನುಗ್ಗೋದ್ರಿಂದ. ವಯಸ್ಸು 46, ಡಾಕ್ಟ್ರು ಶುಗರ್ ಬಾರ್ಡರಲ್ಲಿದೆ ನಡೀರಿ ಓಡಾಡಿ ಅಂದಿದ್ರು, ಮಾಮೂಲಿ ಸೈಕಲ್ ತಗೊಂಡ್ರೆ ಹನುಮಂತನಗರದ ಏರು ಹತ್ತೋಷ್ಟ್ರಲ್ಲಿ ಶರ್ಟ್ ಒದ್ದೆ, ಆಫೀಸಲ್ಲಿ ಕೂರೋಕಾಗಲ್ಲ, ಅದಕ್ಕೇ ಇದು.

ಗಾಡಿ ಹೀಗಿದೆ. ಹಿಂದಿನ ಚಕ್ರದ ಮಧ್ಯದಲ್ಲಿ 250 ವ್ಯಾಟ್ ಮೋಟಾರು, 36 ವೋಲ್ಟ್ 10.4 ಆಂಪಿಯರ್ ಅವರ್ ಬ್ಯಾಟರಿ, ಅದನ್ನ ಕೀ ತಿರುಗಿಸಿ ಬಿಚ್ಚಿ ಒಳಗೆ ತಗೊಂಡು ಹೋಗ್ಬೋದು, ಎರಡೂ ಕಡೆ ಡಿಸ್ಕ್ ಬ್ರೇಕು, ತೂಕ 23 ಕೆಜಿ, ನಾನು ಕೊಟ್ಟಿದ್ದು 38,500. ಪೆಡಲ್ ತುಳಿದ ತಕ್ಷಣ ಹಿಂದಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ ಮೋಟಾರು ಕೈ ಜೋಡಿಸತ್ತೆ, ಐದು ಲೆವೆಲ್ ಇದೆ, ನಾನು ಸಮತಟ್ಟಲ್ಲಿ ಎರಡು, ಏರಲ್ಲಿ ನಾಲ್ಕು ಹಾಕ್ತೀನಿ. ಬಲಗೈಲಿ ಒಂದು ಸಣ್ಣ ಥ್ರಾಟಲ್ ಕೂಡ ಇದೆ, ತುಳೀದೇನೇ ಹೋಗ್ಬೋದು. ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟಿದ ತಕ್ಷಣ ಮೋಟಾರು ಕೈ ಬಿಡತ್ತೆ, ಆಮೇಲೆ ನಿಮ್ಮ ಕಾಲಿನ ಶಕ್ತಿ ನಿಮ್ಮದು.

ಇದರಿಂದ ನನಗಾದ ಒಳ್ಳೇದು ಮನಸಾರೆ ಹೇಳ್ತೀನಿ. ಶುಗರ್ ಇಳಿದಿದೆ. ಒಂದು ಸಲ ಫುಲ್ ಚಾರ್ಜಿಗೆ ಅರ್ಧ ಯೂನಿಟ್ಟೂ ಹಿಡಿಯಲ್ಲ, ಅಂದ್ರೆ ಎರಡು ದಿನದ ಓಡಾಟಕ್ಕೆ ಮೂರು ರೂಪಾಯಿ. ಬೆಳಿಗ್ಗೆ ಗಾಂಧಿಬಜಾರಲ್ಲಿ ಹೂವಿನ ಅಂಗಡಿಯವರು ನೀರು ಚಿಮುಕಿಸ್ತಿರ್ತಾರೆ, ಆ ವಾಸನೆ ಹೆಲ್ಮೆಟ್ ಗ್ಲಾಸ್ ಒಳಗೆ ಯಾವತ್ತೂ ಬಂದಿರ್ಲಿಲ್ಲ. ಇಪ್ಪತ್ತು ವರ್ಷ ಅದೇ ರಸ್ತೇಲಿ ಸ್ಕೂಟರಲ್ಲಿ ಹೋಗಿದೀನಿ.

ಇನ್ನು ಕೊರತೆ. ರೇಂಜ್ 60 ಕಿಲೋಮೀಟರ್ ಅಂತ ಡಬ್ಬಿ ಮೇಲೆ ಬರೆದಿದೆ, ಕೆಳಗಿನ ಲೆವೆಲಲ್ಲಿ ಸಮತಟ್ಟು ರಸ್ತೇಲಿ ಹಗುರದ ಮನುಷ್ಯ ತುಳಿದ್ರೆ ಬರಬಹುದೇನೋ, 74 ಕೆಜಿ ಇರೋ ನನಗೆ ಈ ರೂಟಲ್ಲಿ ಹೊಸದ್ರಲ್ಲಿ 38 ಬರ್ತಿತ್ತು, ಈಗ 32-33. ಡಿಸ್ಕ್ ಬ್ರೇಕ್ ಕೇಬಲ್ಲಿಂದು, ತಿಂಗಳಿಗೊಂದ್ಸಲ ಟೈಟ್ ಮಾಡ್ಲೇಬೇಕು, ಪ್ಯಾಡ್ ಆರು ತಿಂಗಳಿಗೆ ಸವೆದುಹೋಯ್ತು. ಮಳೇಲಿ ಡಿಸ್ಪ್ಲೇ ಒಳಗೆ ಹಬೆ ಕೂರತ್ತೆ. ಮತ್ತೆ ಪಂಕ್ಚರ್! ಮೊದಲನೇ ಸಲ ಹಿಂದಿನ ಚಕ್ರ ಪಂಕ್ಚರ್ ಆದಾಗ ಮೂರು ಅಂಗಡಿ ತಿರುಗಿದೀನಿ, ಚಕ್ರದಿಂದ ವೈರ್ ಬಂದಿರೋದು ನೋಡಿದ ತಕ್ಷಣ "ಸಾರ್ ಇದು ಕರೆಂಟ್ ಗಾಡಿ, ನಮಗಾಗಲ್ಲ" ಅಂತ ವಾಪಸ್. ಕೊನೆಗೆ ಚೆನ್ನಮ್ಮನಕೆರೆ ಹತ್ತಿರ ಒಬ್ಬ ವಯಸ್ಸಾದ ಸಾಬ್ರು, ಚಕ್ರ ಬಿಚ್ಚೋದೇ ಬೇಡ ಅಂತ ಗಾಡಿ ತಲೆಕೆಳಗೆ ನಿಲ್ಲಿಸಿ, ಟೈರಿನ ಒಂದು ಅಂಚು ಮಾತ್ರ ಎಬ್ಬಿಸಿ, ಟ್ಯೂಬನ್ನ ಪಕ್ಕಕ್ಕೆ ಎಳ್ಕೊಂಡು, ಬಕೆಟ್ ಕೆಳಗಿಡೋಕಾಗಲ್ವಲ್ಲ, ಎಂಜಲು ಸವರಿ ಗುಳ್ಳೆ ಎಲ್ಲಿ ಬರತ್ತೆ ಅಂತ ನೋಡಿ ಪ್ಯಾಚ್ ಹಾಕಿದ್ರು, ಹತ್ತು ನಿಮಿಷ, 60 ರೂಪಾಯಿ. ಅವತ್ತಿಂದ ಅವರೇ ನನ್ನ ಸರ್ವಿಸ್ ಸೆಂಟರ್. ಅಂಗಡಿಯವರ ಸರ್ವಿಸ್ ಹೇಗಿದೆ ಅಂದ್ರೆ, ಎಂಟನೇ ತಿಂಗಳಲ್ಲಿ ಕಂಟ್ರೋಲರ್ ಹೋಯ್ತು, ವಾರಂಟೀಲಿ ಫ್ರೀಯಾಗೇ ಹಾಕಿಕೊಟ್ರು, ಆದ್ರೆ ಮೂರು ವಾರ ತಗೊಂಡ್ರು, ಫೋನ್ ಮಾಡಿದ್ರೆ ನಾಳೆ ಸಾರ್ ನಾಡಿದ್ದು ಸಾರ್. ವಾರಂಟಿ ಕಾರ್ಡಲ್ಲಿ ಎಷ್ಟು ದಿನದಲ್ಲಿ ಅಂತ ಬರೆಸ್ಕೊಳ್ಳಿ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ದುಡ್ಡು ಕೊಟ್ಟು ಬಿಲ್ ಮಾಡಿಸ್ತಿರೋವಾಗ ಅಂಗಡಿ ಹುಡುಗ ಹತ್ತಿರ ಬಂದು, "ಸಾರ್ ಲಾಕ್ ಬಿಚ್ಚಿಕೊಡ್ಲಾ, 40ರ ತನಕ ಹೋಗತ್ತೆ, ಎರಡು ನಿಮಿಷದ ಕೆಲಸ" ಅಂದ. ಡಿಸ್ಪ್ಲೇ ಮೇಲೆ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದ್ರೆ ಒಂದು ಒಳಗಿನ ಮೆನು ತೆರ್ಕೊಳ್ಳತ್ತೆ, ಅದರಲ್ಲಿ ಸ್ಪೀಡ್ ಲಿಮಿಟ್ ಅಂತ ಒಂದು ಸಂಖ್ಯೆ, ಅದನ್ನ ಬದಲಾಯಿಸಿದ್ರೆ ಆಯ್ತು, ಸ್ಕ್ರೂ ಡ್ರೈವರ್ ಕೂಡ ಬೇಡ. ಬೇಡಪ್ಪ ಅಂದೆ. ಆಗ ಬೇಡ ಅಂದಿದ್ದು ವಾರಂಟಿ ಹೋಗತ್ತೆ ಅನ್ನೋ ಭಯಕ್ಕೆ, ಕಾನೂನು ಏನು ಅಂತ ಆಮೇಲೆ ಓದ್ಕೊಂಡೆ, ಓದಿದ ಮೇಲೆ ಆ ಹುಡುಗ ಅಷ್ಟು ಸುಲಭವಾಗಿ ಕೇಳಿದ್ದು ಎಂಥಾ ದೊಡ್ಡ ವಿಷಯ ಅಂತ ಗೊತ್ತಾಯ್ತು.

ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಬ್ಯಾಟರಿ ವಾಹನ ಅಂದ್ರೆ ಏನು ಅಂತ ಹೇಳೋ ಕಡೆ ಒಂದು ವಿನಾಯಿತಿ ಇದೆ. ಮೋಟಾರು ಅರ್ಧ ಗಂಟೆ ಸತತವಾಗಿ ಕೊಡೋ ಶಕ್ತಿ 250 ವ್ಯಾಟಿಗಿಂತ ಕಮ್ಮಿ, ಗರಿಷ್ಠ ವೇಗ 25ಕ್ಕಿಂತ ಕಮ್ಮಿ ಇದ್ದು, ಪುಣೆಯ ಎಆರ್‌ಎಐ ಥರದ ಸರ್ಕಾರ ಒಪ್ಪಿರೋ ಪರೀಕ್ಷಾ ಸಂಸ್ಥೆ ಅದನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿದ್ರೆ ಅದು ಮೋಟಾರು ವಾಹನ ಅಲ್ಲ. ಪೆಡಲ್ ಸೈಕಲ್ಲಾದ್ರೆ 25 ಹತ್ತಿರ ಹೋಗ್ತಾ ಹೋಗ್ತಾ ಮೋಟಾರಿನ ಸಹಾಯ ಕಮ್ಮಿ ಆಗಿ ನಿಂತುಹೋಗ್ಬೇಕು, ಒಳ್ಳೆ ಬ್ರೇಕ್ ಇರ್ಬೇಕು, ಮುಂದೆ ಬಿಳಿ ಹಿಂದೆ ಕೆಂಪು ರಿಫ್ಲೆಕ್ಟರ್ ಇರ್ಬೇಕು. ಅಷ್ಟಿದ್ರೆ ಆರ್‌ಟಿಒ ಬೇಡ, ಡಿಎಲ್ ಬೇಡ, ಇನ್ಶೂರೆನ್ಸ್ ಬೇಡ. ಅಂದ್ರೆ ಈ ವಿನಾಯಿತಿ ಪೂರ್ತಿ ನಿಂತಿರೋದೇ ಆ 25ರ ಮೇಲೆ. ಅದನ್ನ 40 ಮಾಡಿದ ಕ್ಷಣ ನಿಮ್ಮ ಸೈಕಲ್ಲು ರಿಜಿಸ್ಟರ್ ಆಗದ, ಇನ್ಶೂರೆನ್ಸ್ ಇಲ್ಲದ ಮೋಟಾರ್ ಬೈಕ್ ಆಗೋಗತ್ತೆ, ಹಿಡಿದ್ರೆ ರಿಜಿಸ್ಟ್ರೇಷನ್ ಇಲ್ಲದ್ದಕ್ಕೆ ಬೇರೆ ದಂಡ, ಇನ್ಶೂರೆನ್ಸ್ ಇಲ್ಲದ್ದಕ್ಕೆ ಬೇರೆ ದಂಡ. ಇದನ್ನ ಯಾವ ಅಂಗಡಿಯವನೂ ಹೇಳಲ್ಲ.

ದಂಡ ಬಿಡಿ. ನಮ್ಮ ಆಫೀಸಲ್ಲೇ ಒಬ್ಬರು ಅದೇ ಮಾಡೆಲ್ ತಗೊಂಡು ಲಾಕ್ ಬಿಚ್ಚಿಸಿದ್ರು, ಒಂದ್ಸಲ ಓಡಿಸಿ ನೋಡಿ ಅಂತ ಕೊಟ್ರು, ಕೃಷ್ಣರಾವ್ ಪಾರ್ಕ್ ಪಕ್ಕದ ರಸ್ತೇಲಿ 37ರ ತನಕ ಹೋದೆ, ಮುಂದಿನ ಚಕ್ರ ಹಿಡಿದಿರೋ ಫೋರ್ಕ್ ನಡುಗ್ತಿತ್ತು, ಬ್ರೇಕ್ ಹಿಡಿದ್ರೆ ಚಕ್ರ ನಿಂತ್ರೂ ಗಾಡಿ ಜಾರ್ಕೊಂಡು ಹೋಗ್ತಿತ್ತು. 25ರಿಂದ 40ಕ್ಕೆ ಹೋದ್ರೆ ವೇಗ ಒಂದೂವರೆ ಪಟ್ಟು ಅಷ್ಟೇ ಅನ್ಸತ್ತೆ, ಗುದ್ದಿದಾಗ ಬೀಳೋ ಹೊಡೆತದ ಶಕ್ತಿ ಎರಡೂವರೆ ಪಟ್ಟು ಆಗತ್ತೆ, ಹೈಸ್ಕೂಲ್ ಫಿಸಿಕ್ಸ್ ಇದು, ವೇಗದ ವರ್ಗ. ಆ ಫ್ರೇಮು, ಆ ಕೇಬಲ್ ಬ್ರೇಕು ಅದಕ್ಕೆ ಮಾಡಿದ್ದಲ್ಲ. ವಾಪಸ್ ಬಂದು ಅವರಿಗೆ ಹೇಳ್ದೆ, ದಯವಿಟ್ಟು ವಾಪಸ್ 25ಕ್ಕೆ ಹಾಕಿಸಿ ಅಂತ. ಹಾಕಿಸಿದ್ರೋ ಇಲ್ವೋ ಕೇಳಿಲ್ಲ.

ಪೊಲೀಸರು ಒಂದೇ ಸಲ ಹಿಡಿದಿರೋದು, ಆಶ್ರಮ ಸರ್ಕಲ್ ಹತ್ತಿರ. "ಗಾಡಿ ಸೈಡಿಗೆ ಹಾಕಿ ಸಾರ್, ನಂಬರ್ ಎಲ್ಲಿ?" ಅಂದ್ರು. ಥ್ರಾಟಲ್ ಹಿಡ್ಕೊಂಡು ತುಳೀದೇ ಬರ್ತಿದ್ದೆ, ಅವರಿಗೆ ಅನುಮಾನ ಬಂದಿದ್ದು ನ್ಯಾಯವೇ. ಸರ್ಟಿಫಿಕೇಟಿನ ಜೆರಾಕ್ಸ್ ಲ್ಯಾಮಿನೇಟ್ ಮಾಡಿಸಿ ಬ್ಯಾಗಲ್ಲಿ ಇಟ್ಟಿದ್ದೆ, ಕೊಟ್ಟೆ, ಅವರು ಅದನ್ನ ಪೂರ್ತಿ ಓದಿದ್ರು, ಆಮೇಲೆ ಬಗ್ಗಿ ಮೋಟಾರ್ ಮೇಲೆ ಕೊರೆದಿರೋ 250 ನೋಡಿದ್ರು, "ಸರಿ ಹೋಗಿ ಸಾರ್, ಆದ್ರೆ ಇದರಲ್ಲಿ ಜೋರಾಗಿ ಹೋಗೋರು ದಿನಾ ಸಿಗ್ತಾರೆ ನಮಗೆ, ಗುದ್ದಿ ಓಡೋದ್ರೆ ಹಿಡಿಯೋಕೆ ನಂಬರೇ ಇಲ್ಲ" ಅಂದ್ರು. ಆ ಮಾತು ಆಗ ಅಷ್ಟಾಗಿ ನಾಟಲಿಲ್ಲ.

ಶ್ರಾವಣ ಶುಕ್ರವಾರ ನಾಟಿತು. ಸಾಯಂಕಾಲ ಏಳು ದಾಟಿತ್ತು, ಜಿಟಿಜಿಟಿ ಮಳೆ ಬಂದು ನಿಂತಿತ್ತು, ಹನುಮಂತನಗರದಲ್ಲಿ ಒಂದು ಕ್ರಾಸ್ ಇಳಿಜಾರಲ್ಲಿ ಬರ್ತಿದ್ದೆ. ಡಿಸ್ಪ್ಲೇಲಿ 23 ಇತ್ತು, ಇದು ಯಾಕೆ ನೆನಪಿದೆ ಅಂದ್ರೆ ಆಮೇಲೆ ಎಷ್ಟು ಸಲ ಆ ಸಂಖ್ಯೆ ಕಣ್ಮುಂದೆ ಬಂದಿದೆಯೋ ಲೆಕ್ಕ ಇಲ್ಲ. ಎಡಗಡೆ ನಿಲ್ಲಿಸಿದ್ದ ಒಂದು ದೊಡ್ಡ ಕಾರಿನ ಹಿಂದಿಂದ ಹೂವಿನ ಬುಟ್ಟಿ ಸೊಂಟಕ್ಕೆ ಇಟ್ಕೊಂಡು ಒಬ್ಬರು ಅಜ್ಜಿ ರಸ್ತೆಗೆ ಇಳಿದ್ರು. ಎರಡೂ ಬ್ರೇಕ್ ಹಿಡಿದೆ, ಒದ್ದೆ ರಸ್ತೆ, ಗಾಡಿ ವಾಲ್ಕೊಂಡೇ ಹೋಗಿ ಹ್ಯಾಂಡಲ್ ಬುಟ್ಟಿಗೆ ತಾಗಿ ಅವರು ಬಲಗೈ ಊರ್ಕೊಂಡು ಬಿದ್ರು. ನಾನೂ ಬಿದ್ದೆ, ನನಗೇನೂ ಆಗ್ಲಿಲ್ಲ. ಕಟ್ಟಿಟ್ಟಿದ್ದ ಮಲ್ಲಿಗೆ ಉಂಡೆಗಳು, ಕನಕಾಂಬರ ಎಲ್ಲಾ ನೀರಲ್ಲಿ, ಬಾಳೆಎಲೆ ಒಂದು ಕಡೆ. ಅಜ್ಜಿ ಕಿರುಚಲಿಲ್ಲ, ಬೈಲಿಲ್ಲ, ಮಣಿಕಟ್ಟು ಹಿಡ್ಕೊಂಡು "ಅಯ್ಯೋ ಶಿವನೇ, ಸದ್ದೇ ಬರ್ಲಿಲ್ವಲ್ಲಪ್ಪ" ಅಂದ್ರು. ಅಷ್ಟೇ. ಗಾಜಿನ ಬಳೆ ಒಡೆದು ಚರ್ಮಕ್ಕೆ ಚುಚ್ಕೊಂಡಿತ್ತು.

ಆಟೋಲಿ ಕೂರಿಸ್ಕೊಂಡು ನರ್ಸಿಂಗ್ ಹೋಮಿಗೆ ಹೋದೆ. ಎಕ್ಸ್‌ರೇ, ಮಣಿಕಟ್ಟು ಮುರಿದಿತ್ತು, ಆಪರೇಷನ್ ಬೇಕಾಗ್ಲಿಲ್ಲ, ಹಿಟ್ಟಿನ ಕಟ್ಟು ಹಾಕಿ ಆರು ವಾರ ಕೈ ಆಡಿಸೋ ಹಾಗಿಲ್ಲ ಅಂದ್ರು. ಆಸ್ಪತ್ರೆ ಖರ್ಚು 11,400. ಆದ್ರೆ ಹೂ ಕಟ್ಟೋರಿಗೆ ಬಲಗೈ ಆರು ವಾರ ಇಲ್ಲ ಅಂದ್ರೆ ಏನರ್ಥ, ಅದೂ ಶ್ರಾವಣ, ಗೌರಿ ಗಣೇಶ ಹಬ್ಬ ಎದುರಿಗೆ. ಅವರ ಮಗ ಬಂದ್ರು, ಪೇಂಟಿಂಗ್ ಕೆಲಸ ಮಾಡ್ತಾರೆ, ಜಗಳಕ್ಕೆ ನಿಲ್ಲಲಿಲ್ಲ, "ಸಾರ್, ಬೈಕ್ ಆಗಿದ್ರೆ ಇನ್ಶೂರೆನ್ಸಲ್ಲಿ ಕೇಳ್ಬೋದಿತ್ತು, ಇದಕ್ಕೆ ಯಾರನ್ನ ಕೇಳೋದು" ಅಂದ್ರು. ನಾನು ದಿನಕ್ಕೆ 400ರ ಲೆಕ್ಕದಲ್ಲಿ ಆರು ವಾರದ್ದು ಕೊಟ್ಟೆ, ಆಸ್ಪತ್ರೇದು ಸೇರಿ 28 ಸಾವಿರ ಚಿಲ್ಲರೆ ಆಯ್ತು. ಇದನ್ನ ದೊಡ್ಡಸ್ತಿಕೆಗೆ ಬರೀತಿಲ್ಲ. ನನ್ನ ಜಾಗದಲ್ಲಿ ತಿಂಗಳಿಗೆ 14 ಸಾವಿರ ದುಡಿಯೋ ಸೆಕ್ಯುರಿಟಿ ಗಾರ್ಡ್ ಇದ್ದಿದ್ರೆ ಅವರ ಹತ್ರ ಕೊಡೋಕೆ ಇರ್ತಿರ್ಲಿಲ್ಲ, ಗುದ್ದಿ ಓಡಿಹೋಗೋನು ಆಗಿದ್ರೆ ಆ ಅಜ್ಜಿಗೆ ಒಂದು ರೂಪಾಯೀನೂ ಸಿಗ್ತಿರ್ಲಿಲ್ಲ. ಗುದ್ದಿದವನ ಒಳ್ಳೇತನದ ಮೇಲೆ ಪೆಟ್ಟು ತಿಂದವರ ಊಟ ನಿಂತಿರೋದು ಸರಿಯಲ್ಲ.

ಮಗ ಹೇಳಿದ್ದು ಅಕ್ಷರಶಃ ನಿಜ. ಮೋಟಾರು ವಾಹನಕ್ಕೆ 1988ರ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದ್ರೆ ಪೆಟ್ಟು ತಿಂದ ಹೊರಗಿನವರಿಗೆ ದುಡ್ಡು ಕೊಡೋ ವಿಮೆ, ಕಡ್ಡಾಯ, ಗುದ್ದಿದ್ರೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗ್ಬೋದು, ಗುದ್ದಿ ಓಡಿಹೋದ್ರೂ 2022ರ ಏಪ್ರಿಲ್‌ನಿಂದ ಸತ್ತವರ ಮನೆಯವರಿಗೆ 2 ಲಕ್ಷ, ಜೋರು ಗಾಯಕ್ಕೆ 50 ಸಾವಿರ ಅಂತ ಸರ್ಕಾರದ ಯೋಜನೆ ಇದೆ. ಸೈಕಲ್ ಗುದ್ದಿದ್ರೆ ಇದ್ಯಾವುದೂ ಇಲ್ಲ, ಮಾಮೂಲಿ ಸಿವಿಲ್ ಕೋರ್ಟಲ್ಲಿ ದಾವಾ ಹೂಡಬೇಕು, ಮಣಿಕಟ್ಟು ಮುರಿದ ಹೂವಿನ ಅಜ್ಜಿ ಸಿವಿಲ್ ದಾವಾ ಹೂಡ್ತಾರಾ? ಸೈಕಲ್ಲವರಿಗೆ ಕಾನೂನೇ ಇಲ್ಲ ಅಂತಲ್ಲ, ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸಾರ್ವಜನಿಕ ರಸ್ತೇಲಿ ಅಜಾಗರೂಕತೆಯಿಂದ ಯಾವ ವಾಹನ ಓಡಿಸಿದ್ರೂ ಅನ್ವಯಿಸುತ್ತೆ, ನನ್ನ ಮೇಲೂ ಕೇಸ್ ಹಾಕ್ಬೋದಿತ್ತು. ಕೇಸ್ ಹಾಕಿದ್ರೆ ನನಗೆ ಶಿಕ್ಷೆ ಆಗ್ಬೋದು, ಅವರ ಕೈಗೆ ದುಡ್ಡು ಬರತ್ತೆ ಅನ್ನೋ ಖಾತ್ರಿ ಇಲ್ಲ.

ಅದಾದ ಮೇಲೆ ಇನ್ಶೂರೆನ್ಸ್ ಹುಡುಕೋಕೆ ಶುರು ಮಾಡಿದೆ. ನಾಲ್ಕು ಕಡೆ ಕೇಳಿದೆ. ಸೈಕಲ್ ಕಳವಾದ್ರೆ ದುಡ್ಡು ಕೊಡೋ ಪಾಲಿಸಿ ತೋರಿಸಿದ್ರು, ನನಗೇ ಪೆಟ್ಟಾದ್ರೆ ಕೊಡೋದು ತೋರಿಸಿದ್ರು, ನಾನು ಇನ್ನೊಬ್ಬರಿಗೆ ಗುದ್ದಿದ್ರೆ ಅವರಿಗೆ ಕೊಡೋದು ಬೇಕು ಅಂದ್ರೆ ಎಲ್ಲರೂ ಒಂದು ನಿಮಿಷ ಸುಮ್ನಾಗ್ತಿದ್ರು. ಒಬ್ಬ ಏಜೆಂಟ್ ಮನೆ ಇನ್ಶೂರೆನ್ಸ್ ಜೊತೆ ಸೇರಿಸಿ ಏನೋ ಮಾಡ್ಬೋದು ಸಾರ್ ಅಂದ್ರು, ನಂದು ಬಾಡಿಗೆ ಮನೆ, ಅಲ್ಲಿಗೆ ಮುಗೀತು. ನನ್ನ ಹೆಸರಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ರೆ 2 ಲಕ್ಷ. ಸೈಕಲ್ ಓಡಿಸೋರು ಎಲ್ಲರೂ ಇದನ್ನ ಮಾಡಿಸಿ, ಬ್ಯಾಂಕಲ್ಲಿ ಒಂದು ಫಾರಂ ಅಷ್ಟೇ. ಅದು ನಮಗಾಯ್ತು, ರಸ್ತೆಗೆ ಇಳಿದ ಅಜ್ಜಿಗೆ ಏನು? ಇಪ್ಪತ್ತು ರೂಪಾಯಿಗೆ ಇಡೀ ದೇಶಕ್ಕೆ ಒಂದು ವಿಮೆ ನಡೆಸೋಕಾಗೋದಾದ್ರೆ, 38 ಸಾವಿರದ ಸೈಕಲ್ ಮಾರೋವಾಗ ಬಿಲ್ಲಲ್ಲೇ ಒಂದು ನೂರೋ ಇನ್ನೂರೋ ಸೇರಿಸಿ ಥರ್ಡ್ ಪಾರ್ಟಿ ಕೊಡೋಕೆ ಯಾಕಾಗಲ್ಲ ಅಂತ ನನ್ನ ಪ್ರಶ್ನೆ.

ಹೀಗಂದ ತಕ್ಷಣ ಸೈಕಲ್ ಗೆಳೆಯರು ನನ್ನ ಮೇಲೆ ಬೀಳ್ತಾರೆ ಗೊತ್ತು, ಇವತ್ತು ಇನ್ಶೂರೆನ್ಸ್ ಅಂತೀಯಾ, ನಾಳೆ ನಂಬರ್ ಪ್ಲೇಟು, ನಾಡಿದ್ದು ಟ್ಯಾಕ್ಸು ಅಂತ. ನಂಬರ್ ಪ್ಲೇಟ್ ವಿಷಯದಲ್ಲಿ ನಾನು ಅವರ ಕಡೆಗೇ. ನಮ್ಮಪ್ಪನ ಸೈಕಲ್ಲಿಗೆ ಪುರಸಭೆಯ ಹಿತ್ತಾಳೆ ಬಿಲ್ಲೆ ಇತ್ತು, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಂಚು ಸವೆದು ನಂಬರ್ ಅರ್ಧ ಅಳಿಸಿತ್ತು, ಹ್ಯಾಂಡಲ್ ಕೆಳಗೆ ತಂತೀಲಿ ಕಟ್ಟಿದ್ದು. ಪ್ರತಿ ವರ್ಷ ಹೊಸದು ತಗೋಬೇಕಿತ್ತು, ಬಿಲ್ಲೆ ಇಲ್ಲ ಅಂದ್ರೆ ಸೈಕಲ್ ಎತ್ಕೊಂಡು ಹೋಗೋರು, ರಾತ್ರಿ ಲೈಟ್ ಇಲ್ಲ ಅಂದ್ರೆ ಗಾಳಿ ಬಿಡೋರು, ಡಬಲ್ಸ್ ಕೂರಿಸ್ಕೊಂಡು ಹೋದ್ರೆ ನಿಲ್ಸೋರು. ಅಪ್ಪ ಗಿರಣಿ ಕೆಲಸಕ್ಕೆ ಹೋಗ್ತಿದ್ದಿದ್ದು ಅದರಲ್ಲೇ, ಬಿಲ್ಲೆ ದುಡ್ಡು ಹೊಂದಿಸೋ ತಿಂಗಳು ಅಮ್ಮನ ಮುಖ ನೋಡಿ ಗೊತ್ತಾಗ್ತಿತ್ತು. ಆ ಬಿಲ್ಲೆಯಿಂದ ಯಾವ ಅಪಘಾತ ತಪ್ಪಿತು, ಯಾರಿಗೆ ಪರಿಹಾರ ಸಿಕ್ತು? ಬಿಲ್ಲೆ ಹೋಗಿದ್ದಕ್ಕೆ ಯಾರೂ ಅತ್ತಿಲ್ಲ.

ಈಗ ಅದನ್ನ ವಾಪಸ್ ತಂದ್ರೆ ಯಾರ ಮೇಲೆ ಬೀಳತ್ತೆ ನೋಡಿ. 2011ರ ಜನಗಣತೀಲಿ ದೇಶದ ನೂರಕ್ಕೆ 45 ಮನೇಲಿ ಸೈಕಲ್ ಇತ್ತು. ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರನೇ 8ನೇ ಕ್ಲಾಸ್ ಮಕ್ಕಳಿಗೆ ಸೈಕಲ್ ಕೊಡ್ತು, ಹಳ್ಳಿ ಹೆಣ್ಮಕ್ಕಳು ಸಾಲಾಗಿ ಹೈಸ್ಕೂಲಿಗೆ ತುಳ್ಕೊಂಡು ಹೋಗೋದು ಆಗ ಎಲ್ಲಾ ಕಡೆ ಕಾಣ್ತಿತ್ತು, ಆ ಮಕ್ಕಳು ಆರ್‌ಟಿಒ ಆಫೀಸಲ್ಲಿ ಕ್ಯೂ ನಿಲ್ಬೇಕಾ? ಬೆಳಿಗ್ಗೆ ಐದಕ್ಕೆ ಪೇಪರ್ ಹಾಕೋ ಹುಡುಗ, ಹಾಲಿನವರು, ಸೊಪ್ಪಿನವರು, ಗಾರೆ ಕೆಲಸದವರು, ಇವರ ಸೈಕಲ್ 12-15ರ ಮೇಲೆ ಹೋಗೋದೇ ಇಲ್ಲ. ಅವರಿಗೆ ಸ್ಪೀಡ್ ಲಿಮಿಟ್ ಅಂದ್ರೂ ಅರ್ಥ ಇಲ್ಲ, ಮಾಮೂಲಿ ಸೈಕಲ್ಲಲ್ಲಿ ಸ್ಪೀಡೋಮೀಟರೇ ಇರಲ್ಲ, ಎಷ್ಟಕ್ಕೆ ಹೋಗ್ತಿದೀನಿ ಅಂತ ಅವರಿಗೆ ಗೊತ್ತಾಗೋದಾದ್ರೂ ಹೇಗೆ.

ಹೊರಗಿನ ದೇಶಗಳಲ್ಲೂ ಇದನ್ನ ಮಾಡಿ ನೋಡಿದಾರೆ. ಸ್ವಿಟ್ಜರ್ಲೆಂಡಲ್ಲಿ ಸೈಕಲ್ಲಿಗೆ ವರ್ಷ ವರ್ಷ ಒಂದು ಸ್ಟಿಕ್ಕರ್ ಅಂಟಿಸ್ಬೇಕಿತ್ತು, ಅದರ ದುಡ್ಡಲ್ಲೇ ಥರ್ಡ್ ಪಾರ್ಟಿ ಇನ್ಶೂರೆನ್ಸೂ ಸೇರಿತ್ತು, 2012ರಿಂದ ಸ್ಟಿಕ್ಕರ್ ತೆಗೆದುಹಾಕಿದ್ರು. ನನಗೆ ಸರಿ ಅನ್ಸೋದು ಜರ್ಮನಿಯವರ ದಾರಿ. ತುಳಿದಾಗ ಮಾತ್ರ ಸಹಾಯ ಕೊಟ್ಟು 25ಕ್ಕೆ ನಿಲ್ಲೋ 250 ವ್ಯಾಟ್ ಸೈಕಲ್ಲು ಅವರಿಗೂ ಬರೀ ಸೈಕಲ್ಲೇ, ಆದ್ರೆ 45ರ ತನಕ ಹೋಗೋ ಎಲೆಕ್ಟ್ರಿಕ್ ಸೈಕಲ್ಲಿಗೆ ಇನ್ಶೂರೆನ್ಸ್ ಪ್ಲೇಟ್ ಕಡ್ಡಾಯ. ಅಂದ್ರೆ ಗೆರೆ ಎಳೀಬೇಕಾದ್ದು ಸೈಕಲ್ ಅನ್ನೋ ಹೆಸರಿನ ಮೇಲಲ್ಲ, ವೇಗದ ಮೇಲೆ. ನಮ್ಮ ನಿಯಮದಲ್ಲೂ ಗೆರೆ ಇದೆ, ಆದ್ರೆ ಎರಡು ಬಟನ್ ಒತ್ತಿದ್ರೆ ಅಳಿಸಿಹೋಗೋ ಗೆರೆ ಅದು. ಪುಣೇಲಿ ಪರೀಕ್ಷೆಗೆ ಕೊಟ್ಟ ಗಾಡಿ 25ಕ್ಕೆ ನಿಲ್ಲತ್ತೆ, ಅಂಗಡೀಲಿ ನಿಮಗೆ ಕೊಟ್ಟ ಗಾಡಿ 40ಕ್ಕೆ ಹೋಗತ್ತೆ, ಸರ್ಟಿಫಿಕೇಟ್ ಎರಡಕ್ಕೂ ಅದೇ. ತಪ್ಪು ಹಿಡಿಯೋದಾದ್ರೆ ಮೊದಲು ಹಿಡೀಬೇಕಾದ್ದು ಆ ಮೆನು ಹಾಗೇ ತೆರೆದಿಟ್ಟು ಮಾರೋ ಕಂಪನೀನ, ಬಿಚ್ಚಿಕೊಡ್ಲಾ ಅಂತ ಕೇಳೋ ಅಂಗಡೀನ. ಸಿಗ್ನಲಲ್ಲಿ ನಿಂತ ಡೆಲಿವರಿ ಹುಡುಗನ್ನ ಹಿಡಿಯೋದು ಸುಲಭ ಅಂತ ಅವನನ್ನೇ ಹಿಡಿದ್ರೆ ನಾಳೆ ಇನ್ನೊಬ್ಬ ಬರ್ತಾನೆ, ಅದೇ ಅಂಗಡಿಯಿಂದ. ಮತ್ತೆ ಪೆಡಲ್ಲೇ ಇಲ್ಲದ, ನೋಡೋಕೆ ಪೂರ್ತಿ ಸ್ಕೂಟರ್ ಥರಾನೇ ಇದ್ದು ಹಿಂದೆ ಎರಡು ಸಿಲಿಂಡರ್ ಹೇರ್ಕೊಂಡು 45ರಲ್ಲಿ ಹೋಗೋ ಗಾಡಿಗಳಿಗೆ ನಂಬರ್ ಪ್ಲೇಟ್ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆಶ್ರಮ ಸರ್ಕಲ್ಲಿನ ಆ ಪೊಲೀಸಣ್ಣ ಹೇಳಿದ್ದು ಇಂಥ ಗಾಡಿ ಓಡಿಸೋರ ಬಗ್ಗೆ, ಅವರ ಮಾತು ಸರಿ.

ಇನ್ನೊಂದು, 25 ಅನ್ನೋದು ಮೇನ್ ರೋಡಿಗೆ ಸರಿ. ಎರಡೂ ಕಡೆ ಕಾರು ನಿಲ್ಲಿಸಿರೋ ಕ್ರಾಸಲ್ಲಿ ಅದು ಜಾಸ್ತಿ ಅಂತ ನಾನು ಪೆಟ್ಟು ಕೊಟ್ಟು ಕಲ್ತಿದೀನಿ. 25ರಲ್ಲಿ ಒಂದು ಸೆಕೆಂಡಿಗೆ ಏಳು ಮೀಟರ್ ಹೋಗಿರ್ತೀರಿ, ಅಂದ್ರೆ ಕಣ್ಣು ಕಂಡು ಕೈ ಬ್ರೇಕ್ ಹಿಡಿಯೋಷ್ಟ್ರಲ್ಲಿ ಒಂದು ಕಾರು ದಾಟಿ ಎರಡನೇ ಕಾರಿನ ಅರ್ಧಕ್ಕೆ ಬಂದಿರ್ತೀರಿ. 15ರಲ್ಲಾದ್ರೆ ನಾಲ್ಕು ಮೀಟರ್ ಅಷ್ಟೇ. ಈಗ ಒಳ ರಸ್ತೇಲಿ ಲೆವೆಲ್ ಒಂದರ ಮೇಲೆ ಹಾಕಲ್ಲ, ಅರ್ಧ ರಸ್ತೆ ಬಿಟ್ಟು ಕಾರಿನ ಬಾಗಿಲಿಂದ ದೂರ ಹೋಗ್ತೀನಿ, ಹಿಂದೆ ಹಾರ್ನ್ ಹೊಡೆದ್ರೂ ಹೊಡ್ಕೊಳ್ಳಲಿ. ಜಯನಗರದಲ್ಲಿ ಹಿಂದೆ ಬಣ್ಣ ಬಳಿದು ಸೈಕಲ್ ಲೇನ್ ಮಾಡಿದ್ರು, ಅದರ ಮೇಲೆ ಕಾರು ನಿಂತು ಲೇನ್ ಕಾಣೋದೇ ನಿಂತುಹೋಯ್ತು. 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಕಂಬ ನೆಟ್ಟು ಲೇನ್ ಮಾಡಿದ್ರು, ಕಂಬಗಳೇ ಮುರಿದುಹೋದ್ವು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಸೈಕಲ್ಲವರಿಗೆ ಲೈಸೆನ್ಸು ಪ್ಲೇಟು ಅಂತ ಕೇಳೋರು ಆ ಸೈಕಲ್ಲು ಎಲ್ಲಿ ಓಡಬೇಕು ಅನ್ನೋದನ್ನೂ ಅಷ್ಟೇ ಜೋರಾಗಿ ಕೇಳ್ಬೇಕು. ಆ ಅಜ್ಜಿ ಕಾರಿನ ಹಿಂದಿಂದ ಇಳಿದಿದ್ದು ಯಾಕೆ? ಫುಟ್‌ಪಾತ್ ಮೇಲೆ ಕಾರಿನ ಎರಡು ಚಕ್ರ ಇತ್ತು.

ತಗೊಳ್ಳೋರಿಗೆ ಕೆಲವು ಮಾತು. ಬಿಲ್ಲಲ್ಲಿ ಫ್ರೇಮ್ ನಂಬರ್ ಬರೆಸಿ, ಪೆಡಲ್ ಸೇರೋ ಜಾಗದ ಕೆಳಗೆ ಕೊರೆದಿರ್ತಾರೆ, ಗಾಡಿ ಮಲಗಿಸಿ ಮಣ್ಣು ಒರೆಸಿ ಫೋಟೋ ತೆಗೆದಿಟ್ಕೊಳ್ಳಿ, ನಂಬರ್ ಪ್ಲೇಟ್ ಇಲ್ಲದ ಗಾಡಿ ಕಳವಾದ್ರೆ ಸ್ಟೇಷನ್ನಲ್ಲಿ ತೋರಿಸೋಕೆ ಅದೊಂದೇ ಗುರುತು. ಅಂಗಡಿಯವರು ಪ್ರತಿ ಮಾರಾಟದ ಫ್ರೇಮ್ ನಂಬರ್ ಇಟ್ಕೊಂಡು ಒಂದು ಕಡೆ ದಾಖಲು ಮಾಡೋ ವ್ಯವಸ್ಥೆ ಬಂದ್ರೆ ನನಗೆ ಖುಷಿ, ರಿಜಿಸ್ಟ್ರೇಷನ್ ಅಂದ್ರೆ ಅಷ್ಟು ಸಾಕು, ಓಡಿಸೋರು ಯಾವ ಆಫೀಸಿಗೂ ಹೋಗೋ ಹಾಗಿರಬಾರ್ದು. ಪರೀಕ್ಷಾ ಸರ್ಟಿಫಿಕೇಟ್ ಕಾಪಿ ಕೇಳಿ ತಗೊಳ್ಳಿ, ಕೊಡಲ್ಲ ಅಂದ್ರೆ ಆ ಗಾಡಿ ಬೇಡ. ಥ್ರಾಟಲ್ ಮಕ್ಕಳ ಕೈಗೆ ಕೊಡಬೇಡಿ, ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಹತ್ತು ವರ್ಷದವರಿಗೆ ಅಲ್ಲ ಅದು. ಹೆಲ್ಮೆಟ್ ಹಾಕ್ಕೊಳ್ಳಿ. ಲಾಕ್ ಬಿಚ್ಚಿಸಬೇಡಿ.

ಗಾಡಿಗೆ ಐದಕ್ಕೆ ನಾಲ್ಕು ಕೊಡ್ತೀನಿ, ಅಂಗಡಿ ಸರ್ವಿಸಿಗೆ ಎರಡು. ಅದರ ಜೊತೆ ಬರೋ ಎಲೆಕ್ಟ್ರಿಕ್ ಹಾರ್ನಿಗೆ ಸೊನ್ನೆ, ಬಟನ್ ಎಲ್ಲಿದೆ ಅಂತ ಹುಡುಕೋಷ್ಟ್ರಲ್ಲಿ ಎದುರಿಗಿದ್ದೋರು ಚಕ್ರದ ಕೆಳಗಿರ್ತಾರೆ, ಒತ್ತಿದ್ರೂ ಸೊಳ್ಳೆ ಸದ್ದು. ಅಪಘಾತ ಆದ ಮಾರನೇ ಭಾನುವಾರ ಸಿಟಿ ಮಾರ್ಕೆಟ್ ಹತ್ತಿರ ಹೋಗಿ ಹಳೇ ಕಾಲದ ದೊಡ್ಡ ಕಬ್ಬಿಣದ ಬಟ್ಟಲ ಬೆಲ್ ತಂದೆ, 140 ರೂಪಾಯಿ, ಎಡಗೈ ಹೆಬ್ಬೆರಳಿಗೆ ಸರಿಯಾಗಿ ಸಿಗೋ ಹಾಗೆ ಸಾಬ್ರು ಕೂರಿಸಿಕೊಟ್ರು. ಕ್ರಾಸ್ ತಿರುಗೋ ಮುಂಚೆ, ನಿಂತ ಕಾರಿನ ಸಾಲು ಶುರುವಾದಾಗ, ಯಾರೂ ಕಾಣದೇ ಇದ್ರೂ ಬಾರಿಸ್ಕೊಂಡೇ ಹೋಗ್ತೀನಿ. ಅಜ್ಜಿ ಈಗ ಅದೇ ಕ್ರಾಸಿನ ಮೂಲೇಲಿ ಕೂರ್ತಾರೆ, ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿದೆ, ಮೊಳ ಹಾಕೋವಾಗ ಎಡಗೈಲೇ ಅಳೀತಾರೆ.